ಮನೆಯೊಳಗಿನ ಕೀಟ ಹಾಗೂ ಇಲಿಗಳ ಸುರಕ್ಷಿತ ನಿರ್ವಹಣೆ

ಬೆಂಗಳೂರಿನ ಪಶ್ಚಿಮಕ್ಕೆ ಮಾಗಡಿ ರಸ್ತೆಯಲ್ಲಿರುವ ಬ್ಯಾಡರಹಳ್ಳಿಯಂತಹ ಊರುಗಳಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಬಡಾವಣೆಗಳಾಗಿವೆ. ಆದರೆ ಊರಿನ ನಂಟು ಕಡಿದಿಲ್ಲ. ಸುಗ್ಗಿ ಮುಗಿದ ಮೇಲೆ ಮಾಗಡಿ, ಕುಣಿಗಲ್ ಕಡೆಯಿಂದ ರಾಗಿ, ಅವರೆಕಾಳು, ತೊಗರಿ ಮೂಟೆಗಳು ನಗರದ ಮನೆಗಳಿಗೆ ಬರುತ್ತವೆ. ಹಳ್ಳಿಯಲ್ಲಿ ಕಣಜದಲ್ಲಿಯೋ ಹಗೇವಿನಲ್ಲಿಯೋ ಇರುತ್ತಿದ್ದ ಧಾನ್ಯ ಇಲ್ಲಿ ಅಡುಗೆಮನೆಯ ಮೂಲೆಯಲ್ಲಿ ಅಥವಾ ಮಂಚದ ಕೆಳಗೆ ಇರುತ್ತದೆ. ಮೂಟೆಯ ಜೊತೆಗೆ ನುಸಿ ಬರುತ್ತದೆ; ನುಸಿಗೆಂದು ಊರಿನಲ್ಲಿ ಬಳಸುವ ಔಷಧವೂ ಕೆಲವೊಮ್ಮೆ ಬರುತ್ತದೆ. ನುಸಿಯಿಂದ ಆಗುವುದು ಧಾನ್ಯದ ನಷ್ಟ ಮಾತ್ರ; ಔಷಧದಿಂದ ಜೀವವೇ ಹೋಗಬಹುದು. ಆದ್ದರಿಂದ ಕೀಟಗಳನ್ನು ಮನೆಯಿಂದ ದೂರವಿಡುವ ಕ್ರಮಗಳ ಜೊತೆಗೆ, ಹೊಲದ ಔಷಧವನ್ನು ಏಕೆ ಮನೆಯೊಳಗೆ ತರಬಾರದು ಎಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಹೊಲದ ಔಷಧ ಮನೆಗೆ ಬೇಡ

2022ರ ಆಗಸ್ಟ್ ಆರಂಭದಲ್ಲಿ ಬೆಂಗಳೂರಿನ ವಸಂತನಗರದ ಬಾಡಿಗೆ ಮನೆಯೊಂದರಲ್ಲಿ ಕೀಟನಾಶಕ ಸಿಂಪಡಿಸಿದ ನಂತರ ಮನೆಗೆ ಮರಳಿದ ಕುಟುಂಬದ ಎಂಟು ವರ್ಷದ ಬಾಲಕಿ ಮೃತಪಟ್ಟಳು. 2024ರ ಆಗಸ್ಟ್‌ನಲ್ಲಿ ಜ್ಞಾನಭಾರತಿ ಪೊಲೀಸ್ ಠಾಣೆಯ ವ್ಯಾಪ್ತಿಯ ವಿದ್ಯಾರ್ಥಿನಿಲಯವೊಂದರಲ್ಲಿ ಇಲಿಗಳ ಹತೋಟಿಗೆ ವಿಷ ಬಳಸಿದ ಬಳಿಕ 19 ವಿದ್ಯಾರ್ಥಿಗಳು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದರು. ಎರಡೂ ಕಡೆ ವಿಷ ಬಳಸಿದ್ದು ಜನ ವಾಸಿಸುವ, ಮಲಗುವ ಜಾಗದಲ್ಲಿ.

ಹೊಲದಲ್ಲಿ ಸಿಂಪಡಿಸಿದ ಔಷಧ ಗಾಳಿ, ಬಿಸಿಲು, ಮಳೆಗೆ ಸಿಕ್ಕಿ ಕ್ರಮೇಣ ಕ್ಷೀಣಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಹಾಗಾಗುವುದಿಲ್ಲ. ಅದರ ಅಂಶ ಹಾಸಿಗೆ, ಪರದೆ, ಪಾತ್ರೆಗಳ ಮೇಲೆ ಉಳಿಯುತ್ತದೆ. ನೆಲದ ಮೇಲೆ ಆಡುವ, ಕೈಯನ್ನು ಬಾಯಿಗೆ ಹಾಕುವ ಮಕ್ಕಳಿಗೆ ಅದರ ಅಪಾಯ ಹೆಚ್ಚು.

ಈ ಕೆಳಗಿನವುಗಳ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು.

• ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ: ಗೋದಾಮುಗಳಲ್ಲಿ ಧಾನ್ಯಕ್ಕೆ ಧೂಮೀಕರಣ ಮಾಡಲು ಬಳಸುವ ಈ ಮಾತ್ರೆ ಗಾಳಿಯ ತೇವ ತಗುಲಿದರೆ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಅನಿಲ ಹೊರಬರುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಗೋಡೆಯ ಬಿರುಕು, ಬಾಗಿಲ ಸಂದು, ಕೊಳವೆಗಳ ಮೂಲಕ ಅನಿಲ ಪಕ್ಕದ ಕೋಣೆಗೂ ಹರಿಯಬಲ್ಲದು. ವಠಾರದ ಮನೆಗಳಲ್ಲಿ ಮಾತ್ರೆ ಇಟ್ಟವರಿಗಿಂತ ಮೊದಲು ನೆರೆಯವರಿಗೇ ಅಪಾಯವಾಗಬಹುದು. ಸರ್ಕಾರಿ ಸಂಸ್ಥೆಗಳು ಹಾಗೂ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಇದರ ಬಳಕೆ ಸೀಮಿತವಾಗಿದೆ. ವಾಸದ ಮನೆಯಲ್ಲಿ ಅರ್ಧ ಮಾತ್ರೆಯನ್ನೂ ಇಡಬಾರದು.

• ಡೈಕ್ಲೋರ್ವಾಸ್: ಹಿಂದೆ ಜಿರಲೆ, ನೊಣಗಳಿಗೆ ವ್ಯಾಪಕವಾಗಿ ಬಳಸುತ್ತಿದ್ದ ಈ ಕೀಟನಾಶಕವನ್ನು ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಹಳೆಯ ಸೀಸೆ ಮನೆಯಲ್ಲಿದ್ದರೂ ಬಳಸಬಾರದು.

• ಬಿ.ಎಚ್.ಸಿ. ಪುಡಿ: 1997ರಲ್ಲಿಯೇ ನಿಷೇಧಗೊಂಡಿದೆ. ಹಳೆಯ ಅಭ್ಯಾಸದಂತೆ ಧಾನ್ಯದ ಮೂಟೆಯ ಸುತ್ತ ಯಾವುದೇ ಕೀಟನಾಶಕ ಪುಡಿಯನ್ನು ಉದುರಿಸಬಾರದು.

ಕೀಟನಾಶಕದ ಪೊಟ್ಟಣದ ಮೇಲಿನ ತ್ರಿಕೋನದ ಬಣ್ಣ ಅದರ ವಿಷತ್ವವನ್ನು ಸೂಚಿಸುತ್ತದೆ. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರು ಬಣ್ಣವೆಂದರೆ ನಿರಪಾಯ ಎಂದರ್ಥವಲ್ಲ. ಗೃಹಬಳಕೆಗೆ ಎಂದು ಚೀಟಿಯಲ್ಲಿ ನಮೂದಿಸಿರುವ ಉತ್ಪನ್ನವನ್ನಷ್ಟೇ ಕೊಳ್ಳಬೇಕು. ಬಿಡಿಯಾಗಿ, ಚೀಟಿಯಿಲ್ಲದ ಸೀಸೆಯಲ್ಲಿ ಮಾರುವ ಔಷಧವನ್ನು ಕೊಳ್ಳಲೇಬಾರದು.

ದಾಸ್ತಾನು ಧಾನ್ಯದ ಕೀಟಗಳು

ಅಕ್ಕಿ, ಗೋಧಿ, ಜೋಳವನ್ನು ಬಾಧಿಸುವ ಸೊಂಡಿಲು ಕೀಟ ಕಾಳಿನೊಳಗೆ ರಂಧ್ರ ಕೊರೆದು ಮೊಟ್ಟೆಯಿಡುತ್ತದೆ. ಮರಿಹುಳು ಒಳಗೇ ಬೆಳೆಯುವುದರಿಂದ ಹೊರಗೆ ಕೀಟ ಕಾಣುವ ಹೊತ್ತಿಗೆ ಕಾಳು ಟೊಳ್ಳಾಗಿರುತ್ತದೆ. ಅವರೆ, ಹೆಸರು, ಅಲಸಂದೆ, ತೊಗರಿಗೆ ಬೀಳುವ ದುಂಬಿ ಹೊಲದಲ್ಲಿಯೇ ಕಾಯಿಯ ಮೇಲೆ ಮೊಟ್ಟೆಯಿಡುತ್ತದೆ. ಆದ್ದರಿಂದ ಬಾಧೆ ಮೂಟೆಯೊಂದಿಗೇ ಮನೆಗೆ ಬರುತ್ತದೆ. ಕಾಳಿನ ಮೇಲೆ ಅಂಟಿರುವ ಬಿಳಿ ಚುಕ್ಕೆಗಳು ಅದರ ಮೊಟ್ಟೆಗಳು. ರವೆ, ಮೈದಾ, ರಾಗಿಹಿಟ್ಟಿನಲ್ಲಿ ಕಾಣುವುದು ಕೆಂಪು ಹಿಟ್ಟಿನ ದುಂಬಿ.

ರಾಗಿಯ ಕಾಳು ಬಹಳ ಚಿಕ್ಕದಾದ್ದರಿಂದ ಸೊಂಡಿಲು ಕೀಟ ಅದರೊಳಗೆ ಬೆಳೆಯಲಾರದು. ಒಣಗಿದ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯಲು ಇದೂ ಒಂದು ಕಾರಣ. ಆದ್ದರಿಂದ ರಾಗಿಯನ್ನು ಕಾಳಾಗಿಯೇ ಇಟ್ಟುಕೊಂಡು, ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹಿಟ್ಟು ಮಾಡಿಸುವುದು ಉತ್ತಮ.

ನಿರ್ವಹಣಾ ಕ್ರಮಗಳು:

1. ಮನೆಗೆ ತಂದ ಧಾನ್ಯವನ್ನು ಜರಡಿ ಹಿಡಿದು, ಮೊರದಲ್ಲಿ ಕೇರಿ, ಒಡೆದ ಕಾಳು ಮತ್ತು ದೂಳನ್ನು ತೆಗೆಯಬೇಕು. ಹಿಟ್ಟಿನ ದುಂಬಿ ಮೊದಲು ಸೇರುವುದು ಒಡೆದ ಕಾಳಿಗೆ.

2. ಕಾಳುಗಳನ್ನು ಬಿಸಿಲಿನಲ್ಲಿ ತೆಳುವಾಗಿ ಹರಡಿ ಚೆನ್ನಾಗಿ ಒಣಗಿಸಬೇಕು. ಹಲ್ಲಿನಿಂದ ಕಡಿದಾಗ ಕಟಕ್ಕೆಂದು ಮುರಿಯುವಷ್ಟು ಒಣಗಿರಬೇಕು. ಬಿಸಿಲಿಗೆ ಅಕ್ಕಿ ಬಿರಿಯುವುದರಿಂದ ಅದನ್ನು ನೆರಳಿನಲ್ಲಿ ಹರಡಬೇಕು. ಒಣಗಿದ ಧಾನ್ಯ ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬಿಸಿಯಾಗಿ ತುಂಬಿದರೆ ಒಳಗೆ ತೇವ ಕಟ್ಟುತ್ತದೆ.

3. ಗಾಳಿಯಾಡದ ಡಬ್ಬಿ ಅಥವಾ ದಪ್ಪ ಪ್ಲಾಸ್ಟಿಕ್ ಒಳಚೀಲವಿರುವ ಮೂಟೆಯಲ್ಲಿ ಬಾಯಿತನಕ ತುಂಬಿ ಬಿಗಿಯಾಗಿ ಕಟ್ಟಬೇಕು. ಒಳಗಿರುವ ಕೀಟಗಳು ಉಳಿದ ಆಮ್ಲಜನಕವನ್ನು ಬಳಸಿ ತಾವೇ ಸಾಯುತ್ತವೆ. ಅರ್ಧ ತುಂಬಿದ ಡಬ್ಬಿಯಲ್ಲಿ ಈ ಪ್ರಯೋಜನ ಸಿಗುವುದಿಲ್ಲ.

4. ಆಹಾರಕ್ಕೆಂದು ಇಡುವ ಇಡೀ ಕಾಳುಗಳಿಗೆ ಕೆ.ಜಿ.ಗೆ 5 ಮಿ.ಲೀ. ಅಡುಗೆ ಎಣ್ಣೆಯನ್ನು ಸವರಿದರೆ ದುಂಬಿಯ ಮೊಟ್ಟೆಗಳು ಬೆಳೆಯುವುದಿಲ್ಲ. ಹಿಂದಿನವರು ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟಿ ಒಣಗಿಸುತ್ತಿದ್ದುದೂ ಇದೇ ಉದ್ದೇಶಕ್ಕೆ.

5. ಸ್ವಲ್ಪ ಪ್ರಮಾಣದ ರವೆ, ಬೇಳೆಯನ್ನು ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟು ತೆಗೆದರೆ ಮೊಟ್ಟೆ, ಹುಳು ಎರಡೂ ಸಾಯುತ್ತವೆ.

6. ಒಣಗಿದ ಬೇವಿನ ಎಲೆ ಕೀಟವನ್ನು ಸ್ವಲ್ಪಮಟ್ಟಿಗೆ ದೂರವಿಡಬಹುದು. ಆಗಲೇ ಕಾಳಿನೊಳಗಿರುವ ಹುಳುವನ್ನು ಅದು ಕೊಲ್ಲುವುದಿಲ್ಲ.

7. ಹಳೆಯ ದಾಸ್ತಾನಿನ ಮೇಲೆ ಹೊಸದನ್ನು ಸುರಿಯಬಾರದು. ಡಬ್ಬಿಯನ್ನು ತೊಳೆದು ಬಿಸಿಲಿಗಿಟ್ಟ ನಂತರವೇ ತುಂಬಬೇಕು. ಮೂಟೆಯನ್ನು ಗೋಡೆಯಿಂದ ದೂರ, ಹಲಗೆಯ ಮೇಲಿಡಬೇಕು.

ಜಿರಲೆ

ಚರಂಡಿಯಿಂದ ಬರುವ ದೊಡ್ಡ ಜಿರಲೆ ಮತ್ತು ಅಡುಗೆಮನೆಯಲ್ಲಿ ನೆಲೆಸುವ ಸಣ್ಣ ಕಂದು ಜಿರಲೆ ಎಂದು ಎರಡು ಬಗೆಯವು ಸಾಮಾನ್ಯ. ದೊಡ್ಡದಕ್ಕೆ ಬಚ್ಚಲಿನ ತೂಬಿಗೆ ಸಣ್ಣ ಕಣ್ಣಿನ ಜಾಲರಿ ಹಾಕುವುದು, ಮ್ಯಾನ್‌ಹೋಲ್ ಮುಚ್ಚಳದ ಸಂದು ಮುಚ್ಚುವುದು ಬಹುಮಟ್ಟಿಗೆ ಸಾಕು. ಸಣ್ಣ ಜಿರಲೆ ಹೆಚ್ಚು ಹಟಮಾರಿ. ಇದರ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ಸಿಂಪಡಣೆ ಈ ಚೀಲವನ್ನು ಭೇದಿಸದ ಕಾರಣ ಕೆಲವು ವಾರಗಳಲ್ಲಿ ಜಿರಲೆಗಳು ಮತ್ತೆ ಕಾಣಿಸಿಕೊಳ್ಳುತ್ತವೆ. ಔಷಧ ಸಾಲದೆಂದು ಜನ ಮತ್ತಷ್ಟು ಸಿಂಪಡಿಸುತ್ತಾರೆ.

ಇದಕ್ಕೆ ಇಮಿಡಾಕ್ಲೋಪ್ರಿಡ್ ಅಥವಾ ಫಿಪ್ರೊನಿಲ್ ಇರುವ ಜೆಲ್ ಸೂಕ್ತ. ಕಪಾಟಿನ ತಿರುಗಣಿ, ಸಿಂಕ್ ತಳ, ಫ್ರಿಜ್ ಹಿಂಭಾಗದ ಸಂದುಗಳಲ್ಲಿ, ಮಕ್ಕಳ ಕೈಗೆ ಸಿಗದಂತೆ, ಅಕ್ಕಿಕಾಳಿನಷ್ಟು ಚುಕ್ಕೆಗಳನ್ನಿಡಬೇಕು. ಜೆಲ್ ಇಟ್ಟ ಕಡೆ ಸ್ಪ್ರೇ ಹೊಡೆದರೆ ಜಿರಲೆ ಅತ್ತ ಸುಳಿಯುವುದಿಲ್ಲ; ಎರಡೂ ವ್ಯರ್ಥ. ರಾತ್ರಿ ಎಂಜಲು ಪಾತ್ರೆ ಬಿಡದಿರುವುದು, ಸಿಂಕನ್ನು ಒರೆಸಿ ಒಣಗಿಸುವುದು, ನಲ್ಲಿಯ ಸೋರಿಕೆ ಸರಿಪಡಿಸುವುದು ಇವೆಲ್ಲ ಜೆಲ್‌ನಷ್ಟೇ ಮುಖ್ಯ. ಬೇರೆ ಆಹಾರ, ನೀರು ಸಿಗದಿದ್ದಾಗ ಜಿರಲೆ ಜೆಲ್ ತಿನ್ನುತ್ತದೆ.

ಇಲಿ, ಹೆಗ್ಗಣ

ಸಣ್ಣ ಇಲಿಗೆ 6 ಮಿ.ಮೀ., ದೊಡ್ಡ ಇಲಿಗೆ ಸುಮಾರು 12 ಮಿ.ಮೀ. ಸಂದು ಸಾಕು. ಬಾಗಿಲ ಕೆಳಗೆ ತಗಡಿನ ಪಟ್ಟಿ, ಕೊಳವೆಗಳ ಸುತ್ತ ಸಿಮೆಂಟು, ಗವಾಕ್ಷಿಗೆ ತಂತಿಜಾಲರಿ ಹಾಕುವುದೇ ಶಾಶ್ವತ ಪರಿಹಾರ. ಇಲಿಗೆ ಹೊಸ ವಸ್ತುವಿನ ಬಗ್ಗೆ ಅನುಮಾನವಿರುವುದರಿಂದ ಬೋನನ್ನು ಎರಡು–ಮೂರು ದಿನ ಕಟ್ಟದೆ, ತಿಂಡಿಯಿಟ್ಟು ಬಿಟ್ಟು, ಅನಂತರ ಕಟ್ಟಬೇಕು.

ವಿಷ ಅನಿವಾರ್ಯವಾದರೆ ಶೇ 0.005 ಬ್ರೋಮಾಡಿಯೋಲೋನ್ ಇರುವ ಸಿದ್ಧ ಬಿಲ್ಲೆಯನ್ನು ಮಕ್ಕಳು, ಸಾಕುಪ್ರಾಣಿಗಳಿಗೆ ಎಟುಕದಂತೆ ಮುಚ್ಚಿದ ಪೆಟ್ಟಿಗೆಯಲ್ಲಿಡಬಹುದು. ಇದಕ್ಕೆ ಕೆ1 ಜೀವಸತ್ವ ಪ್ರತಿವಿಷವಾಗಿ ಲಭ್ಯವಿದೆ. ಹಳದಿ ರಂಜಕವಿರುವ ಇಲಿ ಪೇಸ್ಟನ್ನು ಮನೆಗೆ ತರಲೇಬಾರದು. ಅದು ದೇಹ ಸೇರಿದ ಮೊದಲ ಒಂದೆರಡು ದಿನ ವ್ಯಕ್ತಿ ಆರಾಮವಾಗಿರುವಂತೆ ಕಾಣಬಹುದು; ಅಷ್ಟರಲ್ಲಿ ಯಕೃತ್ತು ಹಾನಿಗೊಳ್ಳುತ್ತಿರುತ್ತದೆ.

ಇತರ ಕೀಟಗಳು

• ಇರುವೆ: ಸಾಲನ್ನು ಸೋಪಿನ ನೀರಿನಿಂದ ಒರೆಸಿದರೆ ದಾರಿಯ ವಾಸನೆ ಅಳಿಯುತ್ತದೆ. ಗೋಡೆಯ ರಂಧ್ರ ಮುಚ್ಚಬೇಕು. ಇರುವೆ ಸೀಮೆಸುಣ್ಣವೂ ಕೀಟನಾಶಕವೇ. ಮಕ್ಕಳು ಬಳಪವೆಂದು ಹಿಡಿಯದಂತೆ ನೋಡಿಕೊಳ್ಳಬೇಕು.

• ತಿಗಣೆ: ಹೊದಿಕೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು. ಮಂಚದ ಸಂದುಗಳಿಗೆ ಬಿಸಿ ಹಬೆ ಹಾಯಿಸಬೇಕು. ಹಾಸಿಗೆಗೆ ಕೀಟನಾಶಕ ಸಿಂಪಡಿಸಬಾರದು.

• ಸೊಳ್ಳೆ: ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಪ್ರೌಢಾವಸ್ಥೆ ತಲುಪಲು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿಗಳನ್ನು ಬರಿದು ಮಾಡಿ ಉಜ್ಜಿದರೆ ಈ ಚಕ್ರ ಮುರಿಯುತ್ತದೆ. ಸಂಪಿನ ಮುಚ್ಚಳ ಬಿಗಿಯಾಗಿರಬೇಕು.

• ಗೆದ್ದಲು: ಗೋಡೆಯ ಮೇಲಿನ ಮಣ್ಣಿನ ಕೊಳವೆ ಬಾಧೆಯ ಗುರುತು. ಅದನ್ನು ಕೆರೆದು, ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಪಡಿಸಬೇಕು. ತಳಪಾಯದ ಮಣ್ಣಿಗೆ ಔಷಧೋಪಚಾರವನ್ನು ಪರಿಣತರಿಂದಲೇ ಮಾಡಿಸಬೇಕು; ಕೊಳವೆಬಾವಿ, ಸಂಪುಗಳ ಬಳಿ ಮಾಡಿಸಬಾರದು.

ಕೀಟ ನಿಯಂತ್ರಕರನ್ನು ಕರೆಸುವಾಗ

ಪರವಾನಗಿಯನ್ನು ತೋರಿಸುವಂತೆ ಕೇಳಬೇಕು. ಬಳಸುವ ಔಷಧದ ಹೆಸರು, ಪ್ರಮಾಣ, ಮನೆಗೆ ಎಷ್ಟು ಹೊತ್ತಿನ ನಂತರ ಮರಳಬಹುದು ಎಂಬುದನ್ನು ಬರಹದಲ್ಲಿ ಪಡೆಯಬೇಕು. ಬಾಡಿಗೆ ಮನೆಗಳಲ್ಲಿ ಮಾಲೀಕರು ಸಿಂಪಡಣೆಯ ದಿನವನ್ನು ಬಾಡಿಗೆದಾರರಿಗೂ ಅಕ್ಕಪಕ್ಕದ ಮನೆಯವರಿಗೂ ಮುಂಚಿತವಾಗಿ ತಿಳಿಸಬೇಕು. ಆಹಾರ, ಪಾತ್ರೆ, ಕುಡಿಯುವ ನೀರನ್ನು ಮೊದಲೇ ತೆಗೆದಿಡಬೇಕು. ಸೂಚಿಸಿದ ಅವಧಿ ಮುಗಿದ ಮೇಲೆ ಕಿಟಕಿ–ಬಾಗಿಲು ತೆರೆದು, ಗಾಳಿಯಾಡಿಸಿ, ನೆಲ ಒರೆಸಿದ ನಂತರವೇ ಮಕ್ಕಳನ್ನು ಒಳಗೆ ಕರೆತರಬೇಕು. ಘಾಟು ಇನ್ನೂ ಇದ್ದರೆ ಆ ರಾತ್ರಿ ಅಲ್ಲಿ ಮಲಗಬಾರದು. ಘಾಟು ಇಲ್ಲವೆಂದ ಮಾತ್ರಕ್ಕೆ ಮನೆ ಸುರಕ್ಷಿತವೆಂದೂ ಭಾವಿಸಬಾರದು.

ವಿಷಬಾಧೆಯಾದಾಗ

ವಾಂತಿ, ತಲೆಸುತ್ತು, ಎದೆ ಬಿಗಿತ, ಉಸಿರಾಟದ ತೊಂದರೆ ಮನೆಯ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಮ್ಮೆಲೇ ಕಂಡರೆ ಊಟದ ದೋಷವೆಂದು ಕಾಯದೆ ಎಲ್ಲರನ್ನೂ ತೆರೆದ ಗಾಳಿಗೆ ಕರೆತರಬೇಕು. ಮೈಗೆ ತಗುಲಿದ್ದರೆ ಬಟ್ಟೆ ಕಳಚಿ ಸೋಪು, ನೀರಿನಿಂದ ತೊಳೆಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. 108ಕ್ಕೆ ಕರೆ ಮಾಡಿ, ಔಷಧದ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರ ಚಿಕಿತ್ಸೆ ಅದರ ಮೇಲಿನ ಹೆಸರನ್ನು ಅವಲಂಬಿಸಿರುತ್ತದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ದೂರವಾಣಿ 1800 116 117.

ಧಾನ್ಯ ದಾಸ್ತಾನು ಕುರಿತ ಸಲಹೆಗೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು, ಇಲ್ಲವೇ ಕಿಸಾನ್ ಕರೆ ಕೇಂದ್ರವನ್ನು (1800 180 1551) ಸಂಪರ್ಕಿಸಬಹುದು.