ಫೋರ್ಡ್ ಮಾಡೆಲ್ ಟಿ ಎಂಜಿನ್ ಪುನರ್ನಿರ್ಮಾಣ

ಅಮೆರಿಕದ ಫೋರ್ಡ್ ಕಂಪನಿಯು 1908ರಿಂದ 1927ರವರೆಗೆ ತಯಾರಿಸಿದ ಮಾಡೆಲ್ ಟಿ ಕಾರಿನ ಎಂಜಿನನ್ನು ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನು ಸರಿಪಡಿಸಿ, ಮತ್ತೆ ಜೋಡಿಸಿ ಚಾಸಿಯ ಮೇಲೆ ಕೂರಿಸುವ ಕೆಲಸ. ಸುಮಾರು ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದರಿಂದ ಇದರ ಬಿಡಿಭಾಗಗಳು ಈಗಲೂ ಹೊಸದಾಗಿ ತಯಾರಾಗುತ್ತಿವೆ. ಕಾರಿನ ತಯಾರಿಕೆ ನಿಂತ ಮೇಲೂ ಎಂಜಿನ್ ಮಾತ್ರ 1941ರ ಆಗಸ್ಟ್‌ವರೆಗೆ ತಯಾರಾಗುತ್ತಿತ್ತು. ಸರಳ ರಚನೆಯ ಈ ಎಂಜಿನನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ ಜೋಡಿಸಬಹುದು. ಬೇರಿಂಗ್ ಎರಕ, ಸಿಲಿಂಡರ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್‌ಗಳಿಗೆ ಮಾತ್ರ ಪರಿಣತರ ವರ್ಕ್‌ಶಾಪ್ ಬೇಕು.

ರಚನೆ
ಇದು 2.9 ಲೀಟರ್ ಗಾತ್ರದ, ಸುಮಾರು 20 ಅಶ್ವಶಕ್ತಿಯ ಎಂಜಿನ್. ನಾಲ್ಕು ಸಿಲಿಂಡರ್‌ಗಳೂ ಒಂದೇ ಎರಕದ ಬ್ಲಾಕಿನಲ್ಲಿದ್ದು, ಮೇಲಿನ ಹೆಡ್ಡನ್ನು ಪ್ರತ್ಯೇಕವಾಗಿ ಬಿಚ್ಚಬಹುದು. ಸಿಲಿಂಡರ್ ವ್ಯಾಸ 3.75 ಅಂಗುಲ, ಪಿಸ್ಟನ್ ಚಲನೆ 4 ಅಂಗುಲ. ವಾಲ್ವ್‌ಗಳು ಬ್ಲಾಕಿನಲ್ಲೇ, ಸಿಲಿಂಡರ್‌ಗಳ ಪಕ್ಕದಲ್ಲಿವೆ. ಎಂಜಿನ್, ಫ್ಲೈವೀಲ್, ಗೇರ್ ವ್ಯವಸ್ಥೆ ಎಲ್ಲಕ್ಕೂ ಒಂದೇ ಎಣ್ಣೆ. ಆಯಿಲ್ ಪಂಪ್ ಇಲ್ಲ. ಫ್ಲೈವೀಲ್ ಎರಚಿದ ಎಣ್ಣೆ ಒಂದು ಸಣ್ಣ ಕೊಳವೆಯ ಮೂಲಕ ಮುಂಭಾಗಕ್ಕೆ ಹರಿದು, ಅಲ್ಲಿಂದ ಹಿಂದಕ್ಕೆ ಇಳಿಯುತ್ತದೆ.

ಇಳಿಸಿ ಬಿಚ್ಚುವುದು
ರೇಡಿಯೇಟರ್, ಸ್ಟಿಯರಿಂಗ್ ಜೋಡಣೆ, ವೈರಿಂಗ್, ಇಂಧನ ಕೊಳವೆಗಳನ್ನು ಕಳಚಿ, ಹಿಂಬದಿಯಲ್ಲಿ ಯೂನಿವರ್ಸಲ್ ಜಾಯಿಂಟಿನ ಮುಚ್ಚಳ ಬಿಚ್ಚಿದ ಮೇಲೆ ಎಂಜಿನನ್ನೂ ಗೇರ್ ಭಾಗವನ್ನೂ ಒಟ್ಟಿಗೇ ಚೈನ್ ಬ್ಲಾಕಿನಿಂದ ಎತ್ತುತ್ತಾರೆ. ಬಿಚ್ಚುವಾಗ ಬೇರಿಂಗ್ ಕ್ಯಾಪ್‌ಗಳಿಗೆ ಗುರುತು ಹಾಕುವುದು ಅಗತ್ಯ. ಒಂದರ ಕ್ಯಾಪ್ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಬ್ಲಾಕನ್ನು ತೊಳೆದು, ವಾಲ್ವ್ ಸೀಟಿನ ಬಳಿ ಬಿರುಕಿದೆಯೇ ಎಂದು ನೋಡುತ್ತಾರೆ. ಎಣ್ಣೆಯ ಕೊಳವೆ ಕಟ್ಟಿಕೊಂಡಿದ್ದರೆ ಮುಂದಿನ ಬೇರಿಂಗ್ ಬೇಗ ಸುಟ್ಟುಹೋಗುವುದರಿಂದ ಅದನ್ನು ತಪ್ಪದೆ ಶುಚಿಗೊಳಿಸಬೇಕು.

ಬೇರಿಂಗ್
ಇಂದಿನ ಕಾರುಗಳಂತೆ ಇದರಲ್ಲಿ ಬದಲಿಸಬಹುದಾದ ಬೇರಿಂಗ್ ಶೆಲ್ ಇಲ್ಲ. ತವರ ಪ್ರಧಾನವಾದ, ಆಂಟಿಮನಿ ಮತ್ತು ತಾಮ್ರ ಬೆರೆತ ಬ್ಯಾಬಿಟ್ ಎಂಬ ಮೆದು ಲೋಹವನ್ನು ಕರಗಿಸಿ ನೇರವಾಗಿ ಬ್ಲಾಕ್ ಮತ್ತು ಕನೆಕ್ಟಿಂಗ್ ರಾಡ್‌ಗಳಲ್ಲಿ ಎರೆದು, ಕ್ರ್ಯಾಂಕಿನ ಅಳತೆಗೆ ಕೊರೆಯಬೇಕು. ಮೂರೂ ಮುಖ್ಯ ಬೇರಿಂಗ್‌ಗಳು ಒಂದೇ ರೇಖೆಯಲ್ಲಿರಬೇಕಾದ್ದರಿಂದ ಇಡೀ ಕೆಲಸದಲ್ಲಿ ಅತ್ಯಂತ ಕೌಶಲ ಬೇಡುವ ಹಂತ ಇದು. ಸವೆತ ಅಲ್ಪವಾಗಿದ್ದರೆ ಕ್ಯಾಪಿನ ಕೆಳಗಿನ ಶಿಮ್ ತೆಗೆದು ಅಥವಾ ಕ್ಯಾಪಿನ ಅಂಚನ್ನು ಅರದಿಂದ ಉಜ್ಜಿ ಸಡಿಲ ತಗ್ಗಿಸುತ್ತಾರೆ. ಹಿಂದಿನ ಮುಖ್ಯ ಬೇರಿಂಗ್ ಸವೆದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯತೊಡಗುತ್ತದೆ. ಆಗ ಫ್ಲೈವೀಲಿನ ಅಯಸ್ಕಾಂತಗಳಿಗೂ ಎದುರಿನ ಸುರುಳಿಗಳಿಗೂ ನಡುವಿನ ಅಂತರ ಕೆಟ್ಟು, ಕಿಡಿಗೆ ವಿದ್ಯುತ್ ಒದಗಿಸುವ ಮ್ಯಾಗ್ನೆಟೊ ದುರ್ಬಲವಾಗುತ್ತದೆ. ಈ ಅಂತರ 0.025ರಿಂದ 0.040 ಅಂಗುಲದೊಳಗೆ ಇರಬೇಕು.

ಪಿಸ್ಟನ್ ಮತ್ತು ವಾಲ್ವ್
ಮೂಲದಲ್ಲಿದ್ದದ್ದು ಬೀಡುಕಬ್ಬಿಣದ ಪಿಸ್ಟನ್‌ಗಳು. ಹಗುರವಾದಷ್ಟೂ ಕ್ರ್ಯಾಂಕಿನ ಮೇಲಿನ ಒತ್ತಡ ತಗ್ಗುವುದರಿಂದ ಈಗ ಹಲವರು ಅಲ್ಯೂಮಿನಿಯಂ ಪಿಸ್ಟನ್ ಹಾಕುತ್ತಾರೆ. ಮೂಲ ವಾಲ್ವ್ ವ್ಯವಸ್ಥೆಯಲ್ಲಿ ಅಂತರ ಸರಿಪಡಿಸುವ ತಿರುಪು ಇಲ್ಲ. ವಾಲ್ವ್ ಕಡ್ಡಿಯ ತುದಿಯನ್ನೇ ಉಜ್ಜಿ ಅಳತೆಗೆ ತರಬೇಕು. ಹೆಡ್ಡಿನ 15 ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯುತ್ತಾರೆ.

ಚಾಸಿಯ ಮೇಲೆ ಕೂರಿಸುವುದು
ಎಂಜಿನ್ ಮೂರು ಕಡೆ ಮಾತ್ರ ಆನಿಕೊಂಡಿರುತ್ತದೆ: ಮುಂದೆ ಅಡ್ಡಪಟ್ಟಿಯ ಮೇಲೆ ಒಂದು ಆಸರೆ, ಹಿಂದೆ ಎಣ್ಣೆತಟ್ಟೆಯ ಇಬ್ಬದಿಯಲ್ಲಿ ಚಾಚಿದ ಎರಡು ತೋಳು. ಮಣ್ಣುರಸ್ತೆಯಲ್ಲಿ ಚಾಸಿ ತಿರುಚಿದರೂ ಎಂಜಿನ್ ತಿರುಚಬಾರದೆಂಬುದೇ ಈ ಏರ್ಪಾಟಿನ ಉದ್ದೇಶ. ಆದರೆ ಒತ್ತುತಗಡಿನ ಎಣ್ಣೆತಟ್ಟೆ ಬಾಗಿದ್ದರೆ ಎಂಜಿನ್ ಮತ್ತು ಗೇರ್ ಭಾಗದ ಅಕ್ಷಗಳು ಒಂದಕ್ಕೊಂದು ಹೊಂದದೆ, ಕ್ರ್ಯಾಂಕ್ ಪ್ರತಿ ಸುತ್ತಿನಲ್ಲೂ ಬಳುಕಿ ಕೊನೆಗೆ ಮುರಿಯಬಹುದು. ಆದ್ದರಿಂದ ತಟ್ಟೆಯನ್ನು ಜಿಗ್‌ನಲ್ಲಿಟ್ಟು ನೇರ ಮಾಡಿದ ಮೇಲೆಯೇ ಜೋಡಿಸುತ್ತಾರೆ.

ಮೊದಲ ಚಾಲನೆ
ರೇಡಿಯೇಟರಿಗೆ ನೀರು, ಎಂಜಿನ್ನಿಗೆ ಎಣ್ಣೆ ತುಂಬಿದ ಮೇಲೆ, ಕೈಯಿಂದ ಕ್ರ್ಯಾಂಕ್ ತಿರುಗಿಸುವ ಮೊದಲು ಸ್ಟಿಯರಿಂಗ್ ಬಳಿಯ ಕಿಡಿಯ ಲಿವರನ್ನು ತಡವಾಗಿ ಕಿಡಿ ಹಾರುವ ಸ್ಥಾನಕ್ಕೆ ತರಬೇಕು. ಇಲ್ಲವಾದರೆ ಹಿಡಿಕೆ ಹಿಂದಕ್ಕೆ ಒದ್ದು ಮುಂಗೈ ಮುರಿಯುವ ಅಪಾಯವಿದೆ. ಎಂಜಿನ್ ಬಿಸಿಯಾಗಿ ಆರಿದ ಬಳಿಕ ಹೆಡ್ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯುವುದು ವಾಡಿಕೆ.

ಗುರುತು ಮತ್ತು ನೋಂದಣಿ
ಬ್ಲಾಕಿನ ಎಡಬದಿಯಲ್ಲಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ ಒತ್ತಿದ ಎಂಜಿನ್ ಸಂಖ್ಯೆಯೇ ಮಾಡೆಲ್ ಟಿಯ ಕಾಲವನ್ನು ಗುರುತಿಸಲು ಮುಖ್ಯ ಆಧಾರ. ಬ್ಲಾಕ್ ಬದಲಿಸಿದರೆ ಆ ಆಧಾರ ತಪ್ಪುತ್ತದೆ. ಭಾರತದಲ್ಲಿ 2021ರ ನಿಯಮದಂತೆ 50 ವರ್ಷ ಮೀರಿದ, ಚಾಸಿ, ಕವಚ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅವುಗಳ ಸಂಖ್ಯೆಯಲ್ಲಿ 'ವಿಎ' ಅಕ್ಷರಗಳಿರುತ್ತವೆ. ಹಾಗಾಗಿ ಬಿರುಕು ಬಿಟ್ಟ ಮೂಲ ಬ್ಲಾಕನ್ನು ಎಸೆಯುವ ಬದಲು, ಸಾಧ್ಯವಿದ್ದಷ್ಟೂ ಬೆಸೆದು ಉಳಿಸಿಕೊಳ್ಳಲು ಸಂಗ್ರಾಹಕರು ಯತ್ನಿಸುತ್ತಾರೆ.