ಪರದೆಯ ಮೇಲಿನ ಪಹಣಿ: ಸ್ಕ್ರೀನ್‌ಶಾಟ್ ತೆಗೆಯುವ ಬಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಜಮೀನಿದ್ದು ಬೆಂಗಳೂರಿನಂಥ ನಗರಗಳಲ್ಲಿ ನೆಲೆಸಿರುವವರು ಪಹಣಿ ನೋಡುವುದಕ್ಕಾಗಿಯೇ ಊರಿಗೆ ಹೋಗಬೇಕಾಗಿಲ್ಲ. ಕಂದಾಯ ಇಲಾಖೆಯ 'ಭೂಮಿ' ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಹಾಗೂ ಸರ್ವೆ ನಂಬರ್ ನೀಡಿದರೆ ವಿವರ ಪರದೆಯ ಮೇಲೆ ಮೂಡುತ್ತದೆ. ಆದರೆ ಮ್ಯುಟೇಶನ್ ಆದೊಡನೆ ಆ ವಿವರವೂ ಬದಲಾಗುತ್ತದೆ. ಹೆಸರು ಅಥವಾ ವಿಸ್ತೀರ್ಣದಲ್ಲಿ ವ್ಯತ್ಯಾಸ ಕಂಡರೆ, ಅಂದು ಪರದೆಯ ಮೇಲೆ ಇದ್ದದ್ದೇನು ಎಂಬುದನ್ನು ಹಿಡಿದಿಡುವ ಸುಲಭ ಸಾಧನವೇ ಸ್ಕ್ರೀನ್‌ಶಾಟ್. ಇದಕ್ಕಾಗಿ ಪ್ರತ್ಯೇಕ ತಂತ್ರಾಂಶ ಕೊಳ್ಳಬೇಕಾಗಿಲ್ಲ.

ವಿಂಡೋಸ್‌ನಲ್ಲಿ

2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದಲೂ 'ಸ್ನಿಪ್ಪಿಂಗ್ ಟೂಲ್' ಎಂಬ ಸಾಧನ ವಿಂಡೋಸ್‌ನಲ್ಲಿದೆ. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಶಿಫ್ಟ್ ಹಾಗೂ ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬೇಕಾದ ಭಾಗವನ್ನು ಮೌಸ್‌ನಿಂದ ಗುರುತಿಸಬೇಕು. ಆ ಭಾಗದ ಪ್ರತಿ ಕ್ಲಿಪ್‌ಬೋರ್ಡ್ ಸೇರುತ್ತದೆ. ಪೇಂಟ್ ತೆರೆದು, ಕಂಟ್ರೋಲ್ ಮತ್ತು ವಿ ಒತ್ತಿ ಅಂಟಿಸಿ ಉಳಿಸಬಹುದು. ಇಡೀ ಪರದೆ ಬೇಕಿದ್ದರೆ ವಿಂಡೋಸ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಒತ್ತಿದರೆ ಸಾಕು; ಚಿತ್ರವು 'ಪಿಕ್ಚರ್ಸ್' ಕಡತಕೋಶದೊಳಗಿನ 'ಸ್ಕ್ರೀನ್‌ಶಾಟ್ಸ್'ನಲ್ಲಿ ತಾನಾಗಿಯೇ ಉಳಿಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಲಿಯನ್ನೂ ಒತ್ತಬೇಕಾದೀತು.

ಮ್ಯಾಕ್ ಮತ್ತು ಉಬುಂಟುವಿನಲ್ಲಿ

ಮ್ಯಾಕ್‌ನಲ್ಲಿ ಕಮಾಂಡ್, ಶಿಫ್ಟ್ ಜೊತೆಗೆ 3 ಒತ್ತಿದರೆ ಇಡೀ ಪರದೆ, 4 ಒತ್ತಿದರೆ ಆಯ್ದ ಭಾಗ ದೊರೆಯುತ್ತದೆ. ಉಬುಂಟುವಿನಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯೇ ಈ ಕೆಲಸ ಮಾಡುತ್ತದೆ.

ಚಿತ್ರದಲ್ಲಿ ಏನಿರಬೇಕು?

ಪಹಣಿಯ ತುಣುಕನ್ನಷ್ಟೇ ಕತ್ತರಿಸಿದರೆ ಅದು ಎಲ್ಲಿಯದು, ಎಂದಿನದು ಎಂಬುದು ತಿಳಿಯದು. ಜಾಲತಾಣದ ವಿಳಾಸ, ಪರದೆಯ ಅಂಚಿನ ದಿನಾಂಕ ಮತ್ತು ಸಮಯ ಕಾಣುವಂತೆ ಇಡೀ ಪರದೆಯನ್ನೇ ಸೆರೆಹಿಡಿಯುವುದು ಲೇಸು. ಸರ್ವೆ ನಂಬರ್, ವಿಸ್ತೀರ್ಣದ 3ನೇ ಕಾಲಂ, ಸ್ವಾಧೀನದಾರರ ಹೆಸರಿರುವ 9ನೇ ಕಾಲಂ, ಋಣಗಳ 11ನೇ ಕಾಲಂ ಸ್ಪಷ್ಟವಾಗಿರಲಿ. ಒಂದೇ ಚಿತ್ರದಲ್ಲಿ ಹಿಡಿಸದಿದ್ದರೆ ಎರಡು ತೆಗೆಯಿರಿ. ಪಿಎನ್‌ಜಿ ರೂಪದಲ್ಲಿ ಉಳಿಸಿದರೆ ಒತ್ತಕ್ಷರಗಳು ಮಸುಕಾಗುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ 'ಡಾಕ್ಯುಮೆಂಟ್' ಆಗಿ ಕಳುಹಿಸಿ. ಇತರರಿಗೆ ನೀಡುವ ಮುನ್ನ ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆಗಳು ಚಿತ್ರದಲ್ಲಿವೆಯೇ ಎಂದು ಪರಿಶೀಲಿಸಿ.

ಮಿತಿಯೂ ಉಂಟು

ಸ್ಕ್ರೀನ್‌ಶಾಟ್ ಪಹಣಿಗೆ ಬದಲಿಯಲ್ಲ. ಸಾಲ, ಕ್ರಯ ಮುಂತಾದ ವ್ಯವಹಾರಗಳಿಗೆ ಭೂಮಿ ಕೇಂದ್ರ ಅಥವಾ ನಾಡಕಚೇರಿಯ ಪ್ರತಿಯನ್ನೋ ಡಿಜಿಟಲ್ ಸಹಿಯುಳ್ಳ ಪ್ರತಿಯನ್ನೋ ಪಡೆಯಬೇಕು. ನ್ಯಾಯಾಲಯಕ್ಕೆ ಹಾಜರುಪಡಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವೂ ಬೇಕು. ಆದರೂ ತಾಲ್ಲೂಕು ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಸಲ್ಲಿಸುವಾಗ, ತಪ್ಪು ಯಾವ ಕಾಲಂನಲ್ಲಿದೆ, ಯಾವ ದಿನ ಕಂಡಿತು ಎಂದು ತೋರಿಸಲು ಈ ಚಿತ್ರ ನೆರವಾಗುತ್ತದೆ. ತಪ್ಪು ಕಂಡ ಗಳಿಗೆಯಲ್ಲೇ ಅದನ್ನು ತೆಗೆದಿಟ್ಟುಕೊಳ್ಳುವುದು ಜಾಣತನ.