ದೇವ್ರು ಯಾಕ ಬಿಟ್ಟ?

ಕಲಾದಗಿ ಸೀಮೆಯ ಮಾತಿನಲ್ಲಿ ‘ಬಿಡು’ ಅನ್ನುವ ಕ್ರಿಯಾಪದಕ್ಕೆ ಬಿಡುವೇ ಇಲ್ಲ. ದಾಳಿಂಬೆ ಹೂ ಬಿಡುತ್ತದೆ, ಮಳೆ ಬಿಡುತ್ತದೆ, ಜ್ವರ ಬಿಡುತ್ತದೆ, ಸಾಲಿ ಬಿಡುತ್ತದೆ. ಕಾಲುವೆಗೆ ನೀರು ಬಿಟ್ಟಾರೋ ಇಲ್ಲೋ ಎಂದು ರೈತ ವಿಚಾರಿಸುತ್ತಾನೆ. ಬಿಡದಿದ್ದರೆ ಹೊಲವನ್ನು ಬೀಳು ಬಿಡುತ್ತಾನೆ, ಕೊನೆಗೆ ಊರನ್ನೇ ಬಿಟ್ಟು ಗುಳೆ ಹೋಗುತ್ತಾನೆ. ಹರಕೆ ಹೊತ್ತವರು ಹೋರಿಯನ್ನು ದೇವರ ಹೆಸರಿನಲ್ಲಿ ಬಿಡುತ್ತಾರೆ. ಬಾಸೆಲ್ ಮಿಷನ್ನಿನ ಕಿಟೆಲ್ 1894ರಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಈ ಒಂದು ಪದಕ್ಕೆ ಅರ್ಥದ ಮೇಲೆ ಅರ್ಥ ಕೊಡಬೇಕಾಯಿತು. ತೊರೆಯುವುದೂ ಬಿಡುವುದೇ, ಒಪ್ಪಿಗೆ ಕೊಡುವುದೂ ಬಿಡುವುದೇ, ಕಟ್ಟು ಕಳಚುವುದೂ ಬಿಡುವುದೇ. ಪ್ರೀತಿಯ ದೇವರು ಸಂಕಟವನ್ನು ಯಾಕೆ ಬರಗೊಟ್ಟ ಎಂಬ ಕ್ರೈಸ್ತರ ಹಳೆಯ ಪ್ರಶ್ನೆ ಈ ಸೀಮೆಯ ಬಾಯಿಗೆ ಬಂದಾಗ ‘ದೇವ್ರು ಯಾಕ ಬಿಟ್ಟ?’ ಎಂದಾಗುತ್ತದೆ. ನನಗೆ ಕಾಣುವಂತೆ ಕೇಳುವವರು ಒಂದರ್ಥದಲ್ಲಿ ಕೇಳುತ್ತಾರೆ, ಉತ್ತರ ಹೇಳುವವರು ಇನ್ನೊಂದರ್ಥ ಹಿಡಿದು ಹೇಳುತ್ತಾರೆ. ಎರಡು ಸಾವಿರ ವರ್ಷದ ವಾದ ಮುಗಿಯದಿರಲು ಅರ್ಧ ಕಾರಣ ಇದೇ.

ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ಚರ್ಚಿಸಿದರೆ ಪ್ರಯೋಜನವಿಲ್ಲ, ಈ ನೆಲದ ಮೇಲೆಯೇ ಇಡೋಣ. 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರ ಮುಗಿಯುವ ಹೊತ್ತಿಗೆ ಕಲಾದಗಿ ಜಿಲ್ಲೆ ಬಡವಾಗಿತ್ತು. ಆಗ ಕಲಾದಗಿಯೇ ಜಿಲ್ಲಾ ಕೇಂದ್ರ; ಮುಂದೆ ಆ ಪಟ್ಟ ವಿಜಾಪುರಕ್ಕೆ ಹೋಯಿತು. 1872ರ ಗಣತಿಯಲ್ಲಿ ಜಿಲ್ಲೆಯ ಜನ 8,16,273, 1881ರಲ್ಲಿ 6,38,493. ಸತ್ತವರು, ಗುಳೆ ಹೋಗಿ ತಿರುಗಿ ಬಾರದವರು, ಹುಟ್ಟಬೇಕಾಗಿದ್ದು ಹುಟ್ಟದವರು ಎಲ್ಲ ಸೇರಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದಲೇ ಹೋದರು. ಗುಳೇದಗುಡ್ಡದಲ್ಲಿ 1851ರಿಂದ ಬಾಸೆಲ್ ಮಿಷನ್ನಿನ ಠಾಣೆಯಿತ್ತು. ಅದು ಖಣ ನೇಯುವ ಊರು. ಜೋಳಕ್ಕೇ ದುಡ್ಡಿಲ್ಲದವರು ಖಣ ಕೊಳ್ಳುವುದಿಲ್ಲ, ಹಾಗಾಗಿ ಒಕ್ಕಲಿಗನ ಬರ ನೇಕಾರನ ಮನೆಗೆ ಬರಲು ತಡವಾಗುವುದಿಲ್ಲ. ಬಿತ್ತಲು ಹೊಲವೂ ಇಲ್ಲದ ನೇಕಾರನ ಮಗ್ಗ ನಿಂತರೆ ಅವನಿಗೆ ಬೇರೆ ಆಸರೆಯಿಲ್ಲ. ಇಂಥ ಊರಿನಲ್ಲಿ ಪ್ರೀತಿಯ ದೇವರ ಸುವಾರ್ತೆ ಸಾರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ದೇವಶಾಸ್ತ್ರದ ವಾಡಿಕೆಯ ಉತ್ತರ ‘ಬಿಡು’ ಪದವನ್ನು ಅನುಮತಿ ಎಂದು ಓದುತ್ತದೆ. ದೇವರು ಕೆಡುಕು ಮಾಡುವುದಿಲ್ಲ, ನಡೆಯಲು ಬಿಡುತ್ತಾನೆ. ಕೆಡುಕಿನಿಂದಲೂ ಒಳಿತು ತೆಗೆಯಬಲ್ಲ ಎಂದು ಅಗಸ್ಟಿನ್ ವಾದಿಸಿದ. ಮನುಷ್ಯರನ್ನು ಸ್ವತಂತ್ರರಾಗಿ ಬಿಟ್ಟ ಮೇಲೆ ಅವರು ತಪ್ಪುವುದಕ್ಕೂ ಬಿಡಲೇಬೇಕು ಎಂಬುದು ಇದರ ಬೆನ್ನಿಗಿರುವ ತರ್ಕ. ಈ ತರ್ಕವನ್ನು ತಳ್ಳಿಹಾಕುವಂತಿಲ್ಲ, 1877ರಲ್ಲಿ ಅದಕ್ಕೆ ಬೇಕಾದಷ್ಟು ಸಾಕ್ಷಿಯಿದೆ. ಧಾನ್ಯದ ಪೇಟೆಯನ್ನು ಅದರ ಪಾಡಿಗೆ ಬಿಡಬೇಕೆಂಬುದು ವೈಸರಾಯ್ ಲಿಟ್ಟನ್ ಸರಕಾರದ ನೀತಿ. ಇಲ್ಲಿ ಜನ ಬೇರು ಬೊಡ್ಡೆ ತಿನ್ನುವಾಗ ಧಾನ್ಯ ತುಂಬಿದ ಹಡಗುಗಳು ಬಂದರು ಬಿಡುತ್ತಲೇ ಇದ್ದವು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚೂರು ಕಾಸು ಸಾಕೆಂದು ಆ ಸರಕಾರದ ಅಧಿಕಾರಿ ರಿಚರ್ಡ್ ಟೆಂಪಲ್ ಕಟ್ಟು ಹಾಕಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋ ಕೂಡ ಆಗುವುದಿಲ್ಲ. ಮಳೆ ಬಿಟ್ಟದ್ದು ಆಕಾಶದಿಂದ, ಜನರನ್ನು ಸಾಯಲು ಬಿಟ್ಟದ್ದು ಕಚೇರಿಯಿಂದ. ಇಷ್ಟು ಹೊತ್ತಿಗೆ ಆರೋಪಪಟ್ಟಿಯಲ್ಲಿ ದೇವರಿಗಿಂತ ಮೊದಲು ಬೇರೆ ಹೆಸರುಗಳು ಬರಬೇಕು ಎಂದು ಕ್ರೈಸ್ತನೊಬ್ಬ ಹೇಳಿದರೆ ಅವನು ಜಾರಿಕೊಳ್ಳುತ್ತಿದ್ದಾನೆ ಎನ್ನಲಾಗದು.

ಆದರೆ ಆಕಾಶದ ಪಾಲು ಉಳಿದೇ ಉಳಿಯುತ್ತದೆ. 1876ರ ಮುಂಗಾರು ಯಾರ ಸ್ವಾತಂತ್ರ್ಯದ ಫಲವೂ ಅಲ್ಲ. ಇಲ್ಲಿ ಅನುಮತಿಯ ವಾದ ಪರೀಕ್ಷೆಯ ವಾದಕ್ಕೆ ಹೊರಳುತ್ತದೆ: ದೇವರು ಪುಟಕ್ಕಿಟ್ಟು ನೋಡುತ್ತಾನೆ, ಸಂಕಟದಲ್ಲಿ ಮನುಷ್ಯ ಪಕ್ವವಾಗುತ್ತಾನೆ. ಹುನಗುಂದ ತಾಲೂಕಿನ ಕೂಡಲಸಂಗಮದ ನೆರಳಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಭಕ್ತನನ್ನು ಒರೆಗೆ ಹಚ್ಚುವ ಶಿವ ವಚನಕಾರರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಆ ಮಾತಿಗೊಂದು ಮರ್ಯಾದೆಯಿದೆ, ಏಕೆಂದರೆ ಆಡುವವನು ಒರೆಗೆ ಬಿದ್ದವನೇ. ಅದನ್ನೇ ಇನ್ನೊಬ್ಬರ ಹಸಿದ ಕೂಸಿನ ಬಗ್ಗೆ ಹೇಳಿದರೆ ಕ್ರೌರ್ಯ. ಎದೆಹಾಲು ಬತ್ತಿ ಸತ್ತ ಮಗು ಯಾವ ಪಕ್ವತೆಗೆ ಬಂತು? ಬರವನ್ನು ಸುವಾರ್ತೆಗೆ ದೇವರು ತೆರೆದ ಬಾಗಿಲೆಂದು ಕಂಡ ಮಿಷನರಿಗಳೂ ಆ ಕಾಲದ ದಕ್ಷಿಣ ಭಾರತದಲ್ಲಿದ್ದರು. ಗಂಜಿ ಕೊಟ್ಟ ಅವರ ಕೈಗೆ ಕೃತಜ್ಞರಾಗಿರೋಣ, ಈ ಲೆಕ್ಕಾಚಾರವನ್ನು ಮಾತ್ರ ಒಪ್ಪಬೇಕಿಲ್ಲ. ಕರ್ಮದ ಲೆಕ್ಕವೂ ಕ್ರೈಸ್ತರಿಗೆ ಒದಗುವುದಿಲ್ಲ: ಸಿಲೋವದ ಗೋಪುರ ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಪಾಪಿಗಳಲ್ಲ ಎಂದು ಲೂಕನ ಸುವಾರ್ತೆಯಲ್ಲಿ ಯೇಸುವೇ ಆ ಬಾಗಿಲು ಮುಚ್ಚಿದ್ದಾನೆ.

ಈಗ ಕೇಳುವವರ ಕಡೆಗೆ ಬರೋಣ. ಮಗನನ್ನು ಮಣ್ಣು ಮಾಡಿ ಬಂದವಳು ‘ದೇವ್ರು ಯಾಕ ಬಿಟ್ಟ’ ಎನ್ನುವಾಗ ಅವಳು ಅನುಮತಿಯ ನಿಯಮಾವಳಿ ವಿಚಾರಿಸುತ್ತಿಲ್ಲ. ನಮ್ಮ ಕೈ ಯಾಕೆ ಬಿಟ್ಟ ಎಂದು ಕೇಳುತ್ತಿದ್ದಾಳೆ. ಕ್ರೈಸ್ತ ಗ್ರಂಥದ ನಟ್ಟನಡುವೆ ಇರುವುದೂ ಇದೇ ಪ್ರಶ್ನೆ. ಶಿಲುಬೆಯ ಮೇಲಿನ ಯೇಸು ಇಪ್ಪತ್ತೆರಡನೆಯ ಕೀರ್ತನೆಯ ಮಾತಿನಲ್ಲಿ ಕೂಗಿದ್ದು ಕೈಬಿಟ್ಟದ್ದರ ಬಗ್ಗೆ, ಕನ್ನಡ ಬೈಬಲ್ಲಿನಲ್ಲಿರುವುದೂ ಅದೇ ಪದ. ಮಾರ್ಕ, ಮತ್ತಾಯ ಇಬ್ಬರೂ ಅದನ್ನು ದಾಖಲಿಸಿದ್ದಾರೆ, ಇಬ್ಬರೂ ಆಕಾಶದಿಂದ ಬಂದ ಉತ್ತರವೊಂದನ್ನು ಬರೆದಿಲ್ಲ. ದೇವರ ಮಗನೆಂದು ನಂಬಿದವನ ಬಾಯಲ್ಲೇ ಆ ದೂರನ್ನು ಇಟ್ಟ ಮತ, ಅದೇ ದೂರು ಗುಳೇದಗುಡ್ಡದ ನೇಕಾರ್ತಿಯ ಬಾಯಿಂದ ಬಂದಾಗ ಅವಿಶ್ವಾಸ ಎಂದು ಗದರುವಂತಿಲ್ಲ. ಕ್ರೈಸ್ತ ಚಿಂತನೆ ಗಟ್ಟಿಯಾಗುವುದು ಇಲ್ಲಿಯೇ: ಅದರ ದೇವರು ಉತ್ತರ ಕೊಡುವವರ ಸಾಲಿನಲ್ಲಿಲ್ಲ, ಕೇಳುವವರ ಸಾಲಿನಲ್ಲಿದ್ದಾನೆ.

ಜೊತೆಗೆ ನಿಂತು ಅತ್ತರೆ ಹೊಟ್ಟೆ ತುಂಬುತ್ತದೆಯೇ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ತುಂಬುವುದಿಲ್ಲ. ಅದಕ್ಕೇ ‘ಬಿಡು’ ಪದದ ಮೂರನೆಯ ಅರ್ಥ, ಕಟ್ಟು ಕಳಚುವುದು, ಬೇಕಾಗುತ್ತದೆ. ವಿಮೋಚನೆಗೆ ನಮ್ಮಲ್ಲಿರುವ ಮಾತು ಬಿಡುಗಡೆ, ಅದನ್ನು ಮಾಡುವುದು ಬಿಡಿಸುವುದು. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ತೀರ್ಪಿನಲ್ಲಿ ಅರಸನೇ ತಾನು ಹಸಿದವನಾಗಿದ್ದೆ ಎನ್ನುತ್ತಾನೆ. ಉಣ್ಣಲು ಕೊಡದವರು ಅಪರಾಧಿಗಳಾಗುತ್ತಾರೆ. ಆ ಕಟಕಟೆಯಲ್ಲಿ ಟೆಂಪಲ್‌ನ ಒಂದು ಪೌಂಡ್ ನಿಲ್ಲುವುದಿಲ್ಲ. ಹಾಗಾದರೆ ದೇವರ ಕೆಲಸವನ್ನು ಮನುಷ್ಯರ ತಲೆಗೆ ಕಟ್ಟಿ ಅವನನ್ನು ಬಿಟ್ಟೇಬಿಟ್ಟಿರಲ್ಲ ಎಂಬ ಮರುಸವಾಲು ಇದಕ್ಕಿಂತ ಬಿಗಿಯಾದದ್ದು. ಮನುಷ್ಯರು ತಮ್ಮ ಪಾಲಿನದನ್ನು ತಕ್ಕಮಟ್ಟಿಗೆ ಮಾಡಿಯೂ ನೋಡಿದರು. 1880ರ ಕ್ಷಾಮ ಆಯೋಗದ ನಂತರ ಬರ ನಿರ್ವಹಣೆಯ ಸಂಹಿತೆ ಬಂತು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಬಾಗಲಕೋಟೆ, ಬಾದಾಮಿಯ ಮೇಲೆ ಹಾದುಹೋಗುವ ಹೊಟಗಿ–ಗದಗ ದಾರಿ ತೆರೆಯಿತು. ಹೀಗಿದ್ದೂ ಒಂದು ಪಾಲು ಉಳಿಯುತ್ತದೆ, ಅದಕ್ಕೆ ನನ್ನ ಬಳಿಯಾಗಲಿ ದೇವಶಾಸ್ತ್ರಜ್ಞರ ಬಳಿಯಾಗಲಿ ಸಮರ್ಥನೆಯಿಲ್ಲ. ದೇವರನ್ನು ಬಿಡದೆ, ಅವನೊಂದಿಗೆ ಜಗಳವನ್ನೂ ಬಿಡದೆ ಇರುವ ಯೋಬನ ದಾರಿಯಷ್ಟೇ ಅಲ್ಲಿ ಮರ್ಯಾದಸ್ಥ ದಾರಿ. 1891ರಲ್ಲಿ ಈ ಜಿಲ್ಲೆಯ ಜನ 7,96,339ಕ್ಕೆ ಏರಿದ್ದರು, ಮತ್ತೆ ಬರ ಬಂತು, ಪ್ಲೇಗೂ ಬಂತು. 1901ರ ಗಣತಿಗೆ ಉಳಿದವರು 7,35,435.